ಟರ್ನರ್ ಉಳಿದ, ಸಬೋನಿಸ್ ಹೋದ

ಎನ್‌ಬಿಎ ನೋಡೋ ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದು ಜಗಳ ಇನ್ನೂ ಮುಗಿದಿಲ್ಲ. 2022ರ ಫೆಬ್ರವರಿ 8ರಂದು ಇಂಡಿಯಾನಾ ಪೇಸರ್ಸ್ ತಂಡ ಡೊಮಾಂಟಾಸ್ ಸಬೋನಿಸ್‌ನನ್ನು ಸ್ಯಾಕ್ರಮೆಂಟೊ ಕಿಂಗ್ಸ್‌ಗೆ ಕಳಿಸಿ ಮೈಲ್ಸ್ ಟರ್ನರ್‌ನನ್ನು ಉಳಿಸಿಕೊಂಡಿತಲ್ಲ, ಅದು ಸರಿಯಾ? ಇವತ್ತು ನನ್ನ ವಾದವನ್ನು ಇಲ್ಲಿ ಬರೆದುಬಿಡ್ತೀನಿ.

ಇಬ್ಬರ ಜಾತಕವೂ ಒಂದೇ ಥರ. ಹುಟ್ಟಿದ್ದು 1996ರಲ್ಲಿ, ಒಂದೂವರೆ ತಿಂಗಳಿಗೂ ಕಡಿಮೆ ಅಂತರದಲ್ಲಿ. ಎತ್ತರ ಹತ್ತಿರ ಹತ್ತಿರ ಏಳಡಿ. ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಟರ್ನರ್ 2015ರಲ್ಲಿ 11ನೆಯವನು, ಸಬೋನಿಸ್ 2016ರಲ್ಲಿ ಅದೇ 11ನೆಯವನು. ಟರ್ನರ್ ಮೊದಲ ದಿನದಿಂದಲೂ ಇಂಡಿಯಾನಾದವನು. ಸಬೋನಿಸ್ 2017ರಲ್ಲಿ, ಪಾಲ್ ಜಾರ್ಜ್‌ನನ್ನು ಬಿಟ್ಟುಕೊಟ್ಟಾಗ ಬದಲಿಗೆ ಬಂದವನು. ಇಬ್ಬರಿಗೂ ಒಪ್ಪುವ ಜಾಗ ಸೆಂಟರ್.

2019ರ ಅಕ್ಟೋಬರ್‌ನಲ್ಲಿ ಭಾರತದ ಮೊದಲ ಎನ್‌ಬಿಎ ಪಂದ್ಯಗಳು ಮುಂಬೈನಲ್ಲಿ ನಡೆದವು, ನೆನಪಿದೆಯಾ? ಆಡಿದ್ದು ಇದೇ ಪೇಸರ್ಸ್ ಮತ್ತು ಕಿಂಗ್ಸ್. (ಕಿಂಗ್ಸ್ ಮಾಲೀಕ ವಿವೇಕ್ ರಣದಿವೆ ಮುಂಬೈನಲ್ಲೇ ಹುಟ್ಟಿದವರು.) ಮೊದಲ ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಗಿ ಪೇಸರ್ಸ್ 132-131ರಲ್ಲಿ ಗೆದ್ದಿತು. ಎರಡೂವರೆ ವರ್ಷದೊಳಗೆ ಅದೇ ಎರಡು ತಂಡ ಆಟಗಾರರನ್ನು ಅದಲುಬದಲು ಮಾಡಿಕೊಂಡವು.

ಕಾಗದದ ಮೇಲೆ ಈ ಜೋಡಿ ಚೆನ್ನಾಗೇ ಕಾಣುತ್ತಿತ್ತು. ಟರ್ನರ್ ಬುಟ್ಟಿ ಕಾಯುವವನು. 2018-19ರಲ್ಲೂ 2020-21ರಲ್ಲೂ ಪಂದ್ಯಕ್ಕೆ ಸರಾಸರಿ ಅತಿ ಹೆಚ್ಚು ಬ್ಲಾಕ್ ಮಾಡಿದವನು ಅವನೇ. ಎದುರಾಳಿಯ ಬುಟ್ಟಿ ಕಡೆ ಹೋದರೆ ಗೆರೆಯಾಚೆ ನಿಂತು ತ್ರೀ ಹೊಡೀತಾನೆ. ಸಬೋನಿಸ್ ಎಡಗೈಯವನು, ಗಟ್ಟಿ ಮೈಯವನು, ಕೈಗೆ ಚೆಂಡು ಬಂದಮೇಲೆ ಇಡೀ ಆಟವನ್ನು ತಾನೇ ನಡೆಸುವವನು. 2020-21ರಲ್ಲಿ ಪಂದ್ಯಕ್ಕೆ 20.3 ಅಂಕ, 12 ರೀಬೌಂಡ್, 6.7 ಅಸಿಸ್ಟ್. ಸೆಂಟರ್ ಒಬ್ಬ ಇಷ್ಟು ಅಸಿಸ್ಟ್ ಕೊಡೋದು ತಮಾಷೆಯ ಮಾತಲ್ಲ.

ಆದರೆ ಇಬ್ಬರನ್ನೂ ಒಟ್ಟಿಗೆ ಇಳಿಸಿದರೆ, ಎದುರಾಳಿಯ ಚುರುಕು ಫಾರ್ವರ್ಡ್‌ನ ಹಿಂದೆ ಇವರಲ್ಲಿ ಒಬ್ಬ ಓಡಬೇಕು. ಚೆಂಡು ನಮ್ಮ ಕೈಲಿದ್ದಾಗ ಸಬೋನಿಸ್‌ಗೆ ಜಾಗ ಬಿಟ್ಟು ಟರ್ನರ್ ಮೂಲೆ ಹಿಡಿದು ನಿಲ್ಲಬೇಕು. ತನ್ನ ಪಾಲಿನ ಕೆಲಸ ಚಿಕ್ಕದಾಗಿದೆ ಅಂತ ಅವನು 2021ರ ಕೊನೆಯಲ್ಲಿ ಪತ್ರಕರ್ತರ ಮುಂದೆ ಬಾಯಿಬಿಟ್ಟು ಹೇಳಿಯೂ ಆಗಿತ್ತು. ಎತ್ತು ಏರಿಗೆ, ಕೋಣ ನೀರಿಗೆ ಅಂತಾರಲ್ಲ, ಇಲ್ಲಿ ಕಥೆ ಉಲ್ಟಾ: ಇಬ್ಬರೂ ಒಂದೇ ಕಡೆಗೆ ಎಳೀತಿದ್ದರು.

ಯಾರು ಹೆಚ್ಚು ಒಳ್ಳೆ ಆಟಗಾರ ಅಂತ ಕೇಳಿದರೆ ನಾನು ಕಣ್ಣುಮುಚ್ಚಿ ಸಬೋನಿಸ್ ಅಂತೀನಿ. ಆ ಹೊತ್ತಿಗೆ ಅವನು ಎರಡು ಸಲ ಆಲ್‌ಸ್ಟಾರ್, ಟರ್ನರ್ ಒಂದು ಸಲವೂ ಅಲ್ಲ. ಹೋದವನು ಅವನೇ! ಗುಂಪಿನಲ್ಲಿ ಕೆಲವರಿಗೆ ಇನ್ನೂ ಜೀರ್ಣವಾಗದ್ದು ಇದು. ಆದರೆ ಅವನು ಹೋದದ್ದೇ ಒಳ್ಳೆಯವನಾದ್ದರಿಂದ. ಪಾದದ ಪೆಟ್ಟಿನಿಂದ ಹೊರಗೆ ಕೂತಿದ್ದ ಟರ್ನರ್‌ಗೆ ಬದಲಾಗಿ ಟೈರೀಸ್ ಹ್ಯಾಲಿಬರ್ಟನ್‌ನಂಥ 21ರ ಹುಡುಗನನ್ನು ಯಾರೂ ಕೊಡುತ್ತಿರಲಿಲ್ಲ. ಇನ್ನೊಂದು ವಿಷಯ ನನಗೆ ಇದಕ್ಕಿಂತ ಮುಖ್ಯ. ಹ್ಯಾಲಿಬರ್ಟನ್‌ಗೆ ಚೆಂಡು ಕೈಯಲ್ಲಿರಬೇಕು, ಸಬೋನಿಸ್‌ಗೂ ಅಷ್ಟೇ. ಟರ್ನರ್‌ಗೆ ಬೇಡ. ಅವನು ಸ್ಕ್ರೀನ್ ಕೊಟ್ಟು ಹಿಂದೆ ಸರಿದು ತ್ರೀಗೆ ಕಾಯುತ್ತಾನೆ, ಆ ಕಡೆ ಬುಟ್ಟಿ ಕಾಯುತ್ತಾನೆ. ಹತ್ತು ವರ್ಷ ಕೆಲಸ ಮಾಡಿದ ಯಾರಿಗಾದರೂ ಗೊತ್ತಿರುತ್ತೆ, ಟೀಮಿನಿಂದ ಎತ್ತಂಗಡಿಯಾಗೋದು ಯಾವಾಗಲೂ ಕೈಲಾಗದವನಲ್ಲ. ಆದರೂ ಹೋಗುವವನಿಗೆ ಆ ಲೆಕ್ಕ ಹೇಳಿ ಸಮಾಧಾನ ಮಾಡೋಕೆ ಆಗಲ್ಲ ಬಿಡಿ.

ಅತ್ತ ಕಿಂಗ್ಸ್‌ಗೂ ಇದೇ ತಲೆನೋವು ಇತ್ತು, ಗಾರ್ಡ್‌ಗಳ ರೂಪದಲ್ಲಿ. ಡಿಆರನ್ ಫಾಕ್ಸ್, ಹ್ಯಾಲಿಬರ್ಟನ್ ಇಬ್ಬರೂ ಚೆಂಡು ಹಿಡಿದು ಆಟ ಕಟ್ಟುವವರು. ಅವರು ಫಾಕ್ಸ್‌ನನ್ನು ಇಟ್ಟುಕೊಂಡರು. ಸಬೋನಿಸ್ ಬಂದ ಮರುವರ್ಷವೇ, 2023ರಲ್ಲಿ, 16 ಸೀಸನ್‌ಗಳ ನಂತರ ಪ್ಲೇಆಫ್ ಕಂಡರು. ಗೆದ್ದ ರಾತ್ರಿ ಅವರ ಅರೇನಾದಿಂದ ಆಕಾಶಕ್ಕೆ ನೇರಳೆ ಬೆಳಕು ಬಿಡುವ ಪದ್ಧತಿ ಶುರುವಾಗಿದ್ದೂ ಅದೇ ಸೀಸನ್‌ನಲ್ಲಿ. ಆದರೆ ಪ್ಲೇಆಫ್‌ನಲ್ಲಿ ವಾರಿಯರ್ಸ್, ಸಬೋನಿಸ್ ದೂರದಿಂದ ಹೊಡೆಯಲ್ಲ ಅಂತ ಗೊತ್ತಿದ್ದು, ಅವನನ್ನು ಬಿಟ್ಟು ಹಿಂದೆ ನಿಂತು ದಾರಿ ಕಟ್ಟಿಬಿಟ್ಟರು. ಏಳನೇ ಪಂದ್ಯದಲ್ಲಿ ಸ್ಟೆಫ್ ಕರ್ರಿಯ 50 ಅಂಕದ ಮುಂದೆ ಕಿಂಗ್ಸ್ ಕಥೆ ಮುಗೀತು. ಟರ್ನರ್‌ನನ್ನು ಹಾಗೆ ಬಿಟ್ಟು ನಿಲ್ಲೋಕೆ ಆಗಲ್ಲ. ಬಿಟ್ಟರೆ ತ್ರೀ ಬೀಳುತ್ತೆ.

ಪೇಸರ್ಸ್ 2025ರಲ್ಲಿ ಫೈನಲ್ ತಲುಪಿತು, 2000ದ ನಂತರ ಮೊದಲ ಸಲ. ಒಕ್ಲಹೋಮ ಸಿಟಿ ವಿರುದ್ಧ ಏಳನೇ ಪಂದ್ಯದವರೆಗೂ ಎಳೆದರು. ಜೂನ್ 22ರ ಆ ಪಂದ್ಯದ ಮೊದಲ ಕ್ವಾರ್ಟರ್‌ನಲ್ಲೇ ಹ್ಯಾಲಿಬರ್ಟನ್‌ನ ಹಿಮ್ಮಡಿಯ ನರ ಹರಿಯಿತು, ಕಪ್ ಕೈತಪ್ಪಿತು. ಎರಡು ವಾರವೂ ಆಗಿರಲಿಲ್ಲ, ಟರ್ನರ್ ಹತ್ತು ಕೋಟಿ ಡಾಲರ್ ಮೀರಿದ ಒಪ್ಪಂದಕ್ಕೆ ಮಿಲ್ವಾಕಿಗೆ ಹೊರಟ.  ಅಷ್ಟರಲ್ಲಿ ಫಾಕ್ಸ್ ಕೂಡ ಸ್ಯಾಕ್ರಮೆಂಟೊ ಬಿಟ್ಟು ಸ್ಯಾನ್ ಆಂಟೋನಿಯೊ ಸೇರಿ ಐದು ತಿಂಗಳಾಗಿತ್ತು. ಎರಡೂ ಊರುಗಳು ಉಳಿಸಿಕೊಂಡಿದ್ದವರು ಹೋದರು; ಅದಲುಬದಲಾಗಿ ಬಂದವರು, ಸಬೋನಿಸ್ ಮತ್ತು ಹ್ಯಾಲಿಬರ್ಟನ್, ಆ ಬೇಸಿಗೆಯಲ್ಲಿ ಬಂದಲ್ಲೇ ಇದ್ದರು.