‘ಡಿಡ್ ನಾಟ್ ವೆಂಟ್’ ಅಂದರೆ ನಗಬೇಡಿ

ಇಂಗ್ಲಿಷ್ ಪಿರಿಯಡ್‌ನಲ್ಲಿ ಯಾರಾದರೂ ‘ಐ ಡಿಡ್ ನಾಟ್ ವೆಂಟ್’ ಅಂದರೆ ಸಾಕು, ಎಲ್ಲರೂ ಕಿಸಿಕಿಸಿ ನಗುತ್ತಾರೆ. ಅಂದವರು ಆಮೇಲೆ ಬಾಯೇ ಬಿಡಲ್ಲ. ಇದು ನನಗೆ ಸರಿ ಕಾಣಲ್ಲ. ಗೋ, ವೆಂಟ್, ಗಾನ್ ಅಂತ ಮಗ್ಗಿ ಥರ ಬಾಯಿಪಾಠ ಮಾಡಿಸುವ ಬದಲು ನಮ್ಮ ಕನ್ನಡದಿಂದಲೇ ಹೇಳಿಕೊಟ್ಟರೆ ಬೇಗ ತಿಳಿಯುತ್ತೆ ಅಂತ ನನ್ನ ಅಭಿಪ್ರಾಯ.

‘ನಿನ್ನೆ ಕೆ.ಆರ್.ಪೇಟೆಗೆ ಹೋದೆ’ ಅಂತೀವಿ. ಇಲ್ಲ ಅನ್ನುವಾಗ ‘ಹೋದಲಿಲ್ಲ’ ಅಂತೀವಾ? ನಮ್ಮಜ್ಜಿ ಕೂಡ ಅನ್ನಲ್ಲ, ಅವರು ಶಾಲೆ ಮುಖ ನೋಡಿದವರಲ್ಲ! ‘ಹೋಗಲಿಲ್ಲ’ ಅಂತೀವಿ. ಇಂಗ್ಲಿಷಿನಲ್ಲೂ ಹಾಗೇ. ‘ಡಿಡ್’ನಲ್ಲೇ ಭೂತಕಾಲ ಬಂದಾಯ್ತು, ಅದಕ್ಕೇ ಮುಂದೆ ‘ಗೋ’ ಬರುತ್ತೆ. ಗೋ ಹೋಗಿ ವೆಂಟ್ ಆಗೋದು ವಿಚಿತ್ರವೇನಲ್ಲ. ನಮ್ಮಲ್ಲೂ ತರು ತಂದ, ಕೊಡು ಕೊಟ್ಟ, ಸಾಯು ಸತ್ತ ಆಗಲ್ಲವೇ?

ಆದರೆ ಒಂದು ಕಡೆ ಕನ್ನಡವನ್ನೇ ನಂಬಿದರೆ ಕೆಟ್ಟೆವು. ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಸ್ಥಾನವನ್ನು ಹೊಯ್ಸಳರು 13ನೇ ಶತಮಾನದಲ್ಲಿ ‘ಕಟ್ಟಿದ್ದಾರೆ’ ಅಂತ ನಾವು ಹೇಳ್ತೀವಿ. ಅದನ್ನೇ ಇಂಗ್ಲಿಷಿಗೆ ಮಾಡಿ ‘ಹ್ಯಾವ್ ಬಿಲ್ಟ್’ ಅಂದರೆ ತಪ್ಪು. ಯಾವಾಗ ಅಂತ ಹೇಳಿದ ಮೇಲೆ ಬರೀ ‘ಬಿಲ್ಟ್’. ಇಂಥವನ್ನು ಬೋರ್ಡಿನ ಮೇಲೆ ಎರಡೂ ಭಾಷೆಯಲ್ಲಿ ಪಕ್ಕಪಕ್ಕ ಬರೆದು ತೋರಿಸಬೇಕೆಂದು ಮೇಷ್ಟ್ರನ್ನು ಕೇಳಿಕೊಳ್ಳುತ್ತೇನೆ.