ಪರದೆಯ ಮೇಲೆ ಕಾಣದವರು

ಮಕ್ಕಳೇ, ಶರದೃತು ಬಂತು. ಮಳೆ ಹಿಂದೆ ಸರಿದು ಆಕಾಶ ತೊಳೆದಿಟ್ಟ ತಟ್ಟೆಯ ಹಾಗೆ ಹೊಳೆಯುತ್ತಿದೆ. ಹೂವಿನ ಬುಟ್ಟಿಗಳಲ್ಲಿ ಸೇವಂತಿಗೆ ತುಂಬಿದೆ. ನಿಮಗೆ ದಸರಾ ರಜೆ. ಅಜ್ಜಿಯರಿಗೆ ಮಾತ್ರ ರಜೆಯಲ್ಲೇ ಕೆಲಸ ಜಾಸ್ತಿ. ಚಕ್ಕುಲಿ ಡಬ್ಬಿ ಬೆಳಗ್ಗೆ ತುಂಬಿಸಿದರೆ ಸಂಜೆಗೆ ತಳ ಕಾಣುತ್ತದೆ, ಅಲ್ಲವೇ?

ಕಳೆದ ಶನಿವಾರ ಗೊಂಬೆ ನೋಡಲು ನನ್ನ ಇಬ್ಬರು ಹಳೆಯ ಗೆಳತಿಯರು ಬಂದಿದ್ದರು. ಮೊಮ್ಮಗಳ ಸ್ನೇಹಿತರು ನಾಲ್ಕು ಜನ ಮೊದಲೇ ಬಂದು ಕೂತಿದ್ದರು. ಕಡಲೆಕಾಳಿನ ಉಸಲಿ ತಿನ್ನುತ್ತಾ ಮಾತು ಸಿನಿಮಾ ಕಡೆ ಹೊರಳಿತು.

'ನಾಗರಹಾವು ಅಂದ್ರೆ ಪುಟ್ಟಣ್ಣನವರ ಸಿನಿಮಾ' ಎಂದಳು ಗೆಳತಿ.

'ಅದರಲ್ಲಿ ಪುಟ್ಟಣ್ಣ ಯಾವ ಪಾರ್ಟು ಮಾಡಿದ್ದಾರೆ ಅಜ್ಜಿ?' ಎಂದ ಒಬ್ಬ ಪೋರ.

'ಪಾರ್ಟು ಇಲ್ಲ ಕಣೋ. ಅವರು ನಿರ್ದೇಶಕರು.'

'ಮತ್ತೆ ಅವರು ಮಾಡಿದ್ದೇನು?'

ಒಳ್ಳೆಯ ಪ್ರಶ್ನೆ. ನಾನು ಗೊಂಬೆ ಕೂರಿಸಿದ್ದ ಮೆಟ್ಟಿಲುಗಳನ್ನು ತೋರಿಸಿದೆ. ಈ ಗೊಂಬೆಗಳನ್ನು ಮಾಡಿದವರು ನಾವಲ್ಲ. ಆದರೆ ಪಟ್ಟದ ಗೊಂಬೆ ಮೇಲಿರಬೇಕು, ಶೆಟ್ಟರ ಅಂಗಡಿ ಕೆಳಗಿರಬೇಕು ಎಂದು ಜೋಡಿಸಿದವಳು ಮೊಮ್ಮಗಳು. ಅವಳು ಶೆಟ್ಟಿತಿಯನ್ನು ಶೆಟ್ಟರ ಕಡೆ ಒಂದಿಷ್ಟು ತಿರುಗಿಸಿಟ್ಟಿದ್ದಳು. ಅಷ್ಟಕ್ಕೇ ಇಬ್ಬರೂ ಜಗಳ ಆಡುತ್ತಿರುವ ಹಾಗೆ ಕಾಣುತ್ತಿತ್ತು! ಗೊಂಬೆ ಅದೇ, ಕತೆ ಮಾತ್ರ ಹೊಸದು. ನೋಡುವವರಿಗೆ ಗೊಂಬೆ ಕಾಣುತ್ತದೆ, ತಿರುಗಿಸಿದ ಕೈ ಕಾಣುವುದಿಲ್ಲ. ನಿರ್ದೇಶಕರ ಕೆಲಸ ಹೆಚ್ಚುಕಡಿಮೆ ಹೀಗೆಯೇ.

ಗೆಳತಿಗೆ ಹುರುಪು ಬಂತು. ಪುಟ್ಟಣ್ಣ ಕಣಗಾಲರು ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಒಂದೇ ಕತೆಯಾಗಿ ಹೆಣೆದು 1972ರಲ್ಲಿ 'ನಾಗರಹಾವು' ಮಾಡಿದರು. ಚಿತ್ರದುರ್ಗದ ಕೋಟೆಯ ಬಂಡೆಗಳೂ ಅದರಲ್ಲಿ ಪಾತ್ರಗಳೇ. ಒಂದು ಹಾಡಿನಲ್ಲಿ ವಿಷ್ಣುವರ್ಧನ್ ಮತ್ತು ಆರತಿ ತೇಲಿಬಂದಂತೆ ನಿಧಾನವಾಗಿ ಓಡಿಬರುತ್ತಾರೆ. ಹೀಗೆ ಅವಳು ಹೇಳಿದ್ದೇ ತಡ, ನಡುಮನೆಯಲ್ಲಿ ನಾಲ್ಕೂ ಮಕ್ಕಳು ನಿಧಾನವಾಗಿ ಓಡತೊಡಗಿದರು. ಉಸಲಿಯ ಬಟ್ಟಲು ಮಾತ್ರ ನಿಧಾನವಾಗಿ ಬೀಳಲಿಲ್ಲ!

ಇನ್ನೊಬ್ಬಳು ಗೆಳತಿ ಶಂಕರ್ ನಾಗ್ ಅವರ 'ಮಾಲ್ಗುಡಿ ಡೇಸ್' ನೆನಪು ತೆಗೆದಳು. ಆರ್.ಕೆ. ನಾರಾಯಣರ ಮಾಲ್ಗುಡಿ ಯಾವ ಭೂಪಟದಲ್ಲೂ ಇಲ್ಲದ ಊರು. ಶಂಕರ್ ನಾಗ್ ಅದನ್ನು ಮಲೆನಾಡಿನಲ್ಲಿ ಕಟ್ಟಿದರು. ಬೀದಿ, ಮನೆ ಎಲ್ಲ ಆಗುಂಬೆಯದು. ಆಗುಂಬೆಗೆ ರೈಲಿಲ್ಲವಲ್ಲ? ಅದಕ್ಕೆ ಶಿವಮೊಗ್ಗ ಜಿಲ್ಲೆಯ ಅರಸಾಳು ನಿಲ್ದಾಣ ಮಾಲ್ಗುಡಿಯ ನಿಲ್ದಾಣವಾಯಿತು. ಎರಡು ಊರು ಸೇರಿಸಿ ಮೂರನೆಯದೊಂದು ಊರು! ಅರಸಾಳಿನ ಹಳೆಯ ನಿಲ್ದಾಣದಲ್ಲಿ ಈಗ ಮಾಲ್ಗುಡಿಯ ವಸ್ತುಸಂಗ್ರಹಾಲಯವೇ ಇದೆ.

'ಅವರು ಈಗ ಏನು ಮಾಡ್ತಿದ್ದಾರೆ?' ಎಂದಳು ಎಲ್ಲರಿಗಿಂತ ಚಿಕ್ಕವಳು. 1990ರ ಸೆಪ್ಟೆಂಬರ್ 30ರಂದು, ದಾವಣಗೆರೆ ಬಳಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು, ಆಗ ಅವರಿಗೆ 35 ವರ್ಷ ಎಂದೆವು. ಅವಳು ಸ್ವಲ್ಪ ಹೊತ್ತು ಬೆರಳು ಮಡಿಸಿ ಎಣಿಸಿದಳು. 'ನಮ್ಮಪ್ಪನಿಗಿಂತ ಚಿಕ್ಕವರು' ಎಂದಳು. ಯಾರೂ ಮಾತಾಡಲಿಲ್ಲ.

ಭಾನುವಾರ ಎಲ್ಲರೂ ಸೇರಿ ಸತ್ಯಜಿತ್ ರಾಯ್ ಅವರ 'ಗೂಪಿ ಗಾಯೆನ್ ಬಾಘಾ ಬಾಯೆನ್' ನೋಡಿದೆವು. 1969ರ ಬಂಗಾಳಿ ಚಿತ್ರ. ನಮಗ್ಯಾರಿಗೂ ಬಂಗಾಳಿ ಬಾರದು. ಮೊಮ್ಮಗಳು ಪರದೆಯ ಕೆಳಗಿನ ಇಂಗ್ಲಿಷ್ ಸಾಲು ಓದಿ ಕನ್ನಡದಲ್ಲಿ ಹೇಳುತ್ತಿದ್ದಳು. ಹಾಡಲು ಬಾರದ ಗೂಪಿ, ಡೋಲು ಬಾರಿಸಲು ಬಾರದ ಬಾಘಾ. ಇಬ್ಬರನ್ನೂ ಅವರವರ ಊರಿನಿಂದ ಓಡಿಸುತ್ತಾರೆ. ಕಾಡಿನಲ್ಲಿ ದೆವ್ವಗಳ ರಾಜ ಸಿಕ್ಕಿ ಮೂರು ವರ ಕೊಡುತ್ತಾನೆ. ದೆವ್ವಗಳ ಕುಣಿತ ಬಂದಾಗ ಗೆಳತಿ ಥಟ್ಟನೆ ಎದ್ದು ಕೂತಳು. 'ಇದು ನಮ್ಮ ಘಟ ಕಣೇ!' ಹೌದು, ಮೃದಂಗ, ಘಟ, ಖಂಜಿರ, ಮೋರ್ಚಿಂಗ್. ನಮ್ಮ ಕಡೆಯ ಕಚೇರಿಯ ವಾದ್ಯಗಳಿಗೆ ಬಂಗಾಳದ ದೆವ್ವಗಳನ್ನು ರಾಯ್ ಕುಣಿಸಿದ್ದರು. ಕೊನೆಗೆ ಯುದ್ಧವನ್ನು ನಿಲ್ಲಿಸಿದ್ದು ಯಾವ ಆಯುಧ ಗೊತ್ತೇ? ಆಕಾಶದಿಂದ ಇಳಿದ ಮಿಠಾಯಿಯ ಮಡಕೆಗಳು! ಹಸಿದ ಸೈನಿಕರು ಕತ್ತಿ ಬಿಟ್ಟು ಅತ್ತ ಓಡುತ್ತಾರೆ.

ಈ ಚಿತ್ರ ಹುಟ್ಟಿದ್ದರ ಹಿಂದೆಯೂ ಒಂದು ಕತೆಯಿದೆ. ಗೂಪಿ, ಬಾಘಾ ಕತೆ ಬರೆದವರು ರಾಯ್ ಅವರ ತಾತ ಉಪೇಂದ್ರಕಿಶೋರ್. 1913ರಲ್ಲಿ 'ಸಂದೇಶ್' ಎಂಬ ಮಕ್ಕಳ ಪತ್ರಿಕೆ ಶುರುಮಾಡಿದವರೂ ಅವರೇ. ಬಂಗಾಳಿಯಲ್ಲಿ ಸಂದೇಶ್ ಎಂದರೆ ಸುದ್ದಿಯೂ ಹೌದು, ಸಿಹಿತಿಂಡಿಯೂ ಹೌದು. ತಾತ ತೀರಿಕೊಂಡದ್ದು 1915ರಲ್ಲಿ, ಸತ್ಯಜಿತ್ ಹುಟ್ಟಿದ್ದು 1921ರಲ್ಲಿ. ತಾತ ಮೊಮ್ಮಗನನ್ನು ಎತ್ತಿ ಆಡಿಸಲಿಲ್ಲ. ಮೊಮ್ಮಗ ತಾತನ ದನಿ ಕೇಳಲಿಲ್ಲ. ಆದರೆ ಕತೆ ಕಾಗದದ ಮೇಲೆ ಕಾದಿತ್ತು. ಮುಂದೆ ಸತ್ಯಜಿತ್‌ರ ಮಗ ಸಂದೀಪ್, ಮಕ್ಕಳಿಗಾಗಿ ಒಂದು ಸಿನಿಮಾ ಮಾಡು ಎಂದು ಅಪ್ಪನನ್ನು ಕೇಳಿದ. ಅಪ್ಪ ತನ್ನ ತಾತನ ಕತೆ ತೆಗೆದರು. ಆ ಸಂದೀಪ್ ಕೂಡ ದೊಡ್ಡವನಾಗಿ ನಿರ್ದೇಶಕನಾದ, ಗೂಪಿ ಬಾಘಾರ ಮೇಲೆ ತಾನೂ ಒಂದು ಚಿತ್ರ ಮಾಡಿದ.

ಅಜ್ಜ ಅಜ್ಜಿಯರೇ, ಇದು ನಮಗೂ ಸೇರಿದ ಮಾತು. ನಾವು ಹೇಳುವ ಕತೆ ಯಾವಾಗ, ಯಾರ ಕೈಯಲ್ಲಿ ಚಿಗುರುತ್ತದೋ ಬಲ್ಲವರಾರು? ಅದನ್ನು ನೋಡಲು ನಾವು ಇರಲೇಬೇಕೆಂದಿಲ್ಲ. ಆದರೆ ಕತೆ ಇರಬೇಕು. ಒಂದು ಹಳೆಯ ನೋಟ್‌ಬುಕ್ಕು ತೆಗೆಯಿರಿ, ನಿಮ್ಮಜ್ಜಿ ಹೇಳಿದ ಕತೆಯೊಂದನ್ನು ಈ ರಜೆಯಲ್ಲಿ ಬರೆದಿಡಿ. ಕೈ ನಡುಗಿದರೆ ನೀವು ಹೇಳಿ, ಮಕ್ಕಳು ಬರೆಯಲಿ.

ಮಕ್ಕಳೇ, ನಿಮಗೊಂದು ಆಟ. ಒಂದು ರಟ್ಟಿನ ನಡುವೆ ಬೆಂಕಿಪೊಟ್ಟಣದಷ್ಟು ಕಿಂಡಿ ಕತ್ತರಿಸಿ. ಒಂದು ಕಣ್ಣು ಮುಚ್ಚಿ ಅದರೊಳಗಿಂದ ನಿಮ್ಮ ಬೀದಿ ನೋಡಿ. ಏನು ಒಳಗೆ ಬಂತು, ಏನು ಹೊರಗುಳಿಯಿತು? ಅದನ್ನು ನಿರ್ಧರಿಸಿದವರು ನೀವೇ. ಇನ್ನು ಮುಂದೆ ಸಿನಿಮಾ ನೋಡಲು ಕೂತಾಗ ನಿರ್ದೇಶಕರ ಹೆಸರು ಬರುವಾಗ ಚಕ್ಕುಲಿ ಹುಡುಕಲು ಏಳಬೇಡಿ. ಒಂದು ನಿಮಿಷ ಕೂತು ಆ ಹೆಸರು ಓದಿ.