ಅಪರೂಪದ ಕಾಯಿಲೆಯವರು ಲೆಕ್ಕಕ್ಕಿಲ್ಲವೇ?

"ಎಲ್ಲೋ ಒಬ್ಬರಿಗೆ ಬರುವ ಕಾಯಿಲೆಗೆ ಕೋಟಿಗಟ್ಟಲೆ ಸುರಿಯಬೇಕೇನ್ರೀ?" ಈ ಮಾತನ್ನು ನಾನು ಓದುಬರಹ ಬಲ್ಲವರ ಬಾಯಲ್ಲೇ ಹೆಚ್ಚು ಕೇಳಿದ್ದೇನೆ. ನಾನು ಬಿ.ಎ., ಬಿ.ಎಡ್. ಮಾಡಿದ ಟೀಚರಮ್ಮ, ವೈದ್ಯಳಲ್ಲ. ಆದರೆ ಕೂಡಿ ಕಳೆಯುವುದು ನನಗೂ ಬರುತ್ತದೆ.

ಕಾರ್ಡೋಮ ಎಂಬ ಮೂಳೆಯ ಕ್ಯಾನ್ಸರನ್ನೇ ತೆಗೆದುಕೊಳ್ಳಿ. ಅದು ಹೆಚ್ಚಾಗಿ ತಲೆಬುರುಡೆಯ ತಳದಲ್ಲೋ ಬೆನ್ನೆಲುಬಿನ ಬುಡದಲ್ಲೋ ಹುಟ್ಟುತ್ತದೆ. ಬುಡದಲ್ಲಿರುವುದನ್ನು ಪೂರ್ತಿ ಕತ್ತರಿಸಿ ತೆಗೆಯಹೋದರೆ ಮಲಮೂತ್ರದ ಹಿಡಿತ ತಪ್ಪಬಹುದು, ನಡಿಗೆಯೇ ಕೆಡಬಹುದು. ಮಾಮೂಲಿ ಎಕ್ಸ್‌ರೇ ಕಿರಣಕ್ಕೆ ಅದು ಸುಲಭವಾಗಿ ಬಗ್ಗುವುದಿಲ್ಲ. ಪ್ರಮಾಣ ಹೆಚ್ಚಿಸೋಣವೆಂದರೆ ಕಿರಣ ಗಡ್ಡೆಯನ್ನು ದಾಟಿ ಆಚೆಗಿನ ಕರುಳು, ನರಗಳಿಗೂ ತಾಗುತ್ತದೆ. ಪ್ರೋಟಾನ್, ಕಾರ್ಬನ್ ಅಯಾನುಗಳ ಗುಣವೇ ಬೇರೆ. ಮೈಯೊಳಗೆ ಇಂತಿಷ್ಟೇ ಆಳಕ್ಕೆ ಹೋಗಿ, ನಿಲ್ಲುವ ಜಾಗದಲ್ಲೇ ಶಕ್ತಿಯ ಬಹುಪಾಲನ್ನು ಇಳಿಸಿಬಿಡುತ್ತವೆ, ಮನೆಬಾಗಿಲಿಗೆ ಬಂದು ಮೂಟೆ ಇಳಿಸುವ ಹಮಾಲಿಯ ಹಾಗೆ. ಕಾರ್ಬನ್ನಿನ ಪೆಟ್ಟು ಪ್ರೋಟಾನಿನದಕ್ಕಿಂತಲೂ ಬಲವಾದದ್ದು.

ಇದೇನು ನಿನ್ನೆ ಮೊನ್ನೆಯ ಕನಸಲ್ಲ. ಭೌತವಿಜ್ಞಾನಿ ರಾಬರ್ಟ್ ವಿಲ್ಸನ್ ಇದನ್ನು ಸೂಚಿಸಿದ್ದು 1946ರಲ್ಲಿ. ಜಪಾನಿನ ಚಿಬಾದಲ್ಲಿ 1994ರಲ್ಲಿ ಕಾರ್ಬನ್ ಚಿಕಿತ್ಸೆ ಶುರುವಾಯಿತು. ಶಸ್ತ್ರಚಿಕಿತ್ಸೆಗೆ ಒಗ್ಗದ ಮೂಳೆ ಮತ್ತು ಮೃದು ಅಂಗಾಂಶದ ಗಡ್ಡೆಗಳಿಗೆ 2016ರಲ್ಲಿ ಆ ದೇಶ ಅದನ್ನು ಸಾರ್ವಜನಿಕ ವಿಮೆಗೆ ಸೇರಿಸಿತು. ಅಪರೂಪದವರೆಂದು ಹಿಂದಕ್ಕೆ ತಳ್ಳದೆ ಅವರನ್ನೇ ಮೊದಲ ಸಾಲಿನಲ್ಲಿ ಕೂರಿಸಿತು.

ನಮ್ಮಲ್ಲಿ? ಚೆನ್ನೈಯ ಖಾಸಗಿ ಆಸ್ಪತ್ರೆಯೊಂದಕ್ಕೆ ಪ್ರೋಟಾನ್ ಬಂದದ್ದು 2019ರಲ್ಲಿ, ಟಾಟಾ ಸ್ಮಾರಕದ ಖಾರ್ಘರ್ ಕೇಂದ್ರಕ್ಕೆ 2023ರಲ್ಲಿ. ಕಾರ್ಬನ್ ಬಂದೇ ಇಲ್ಲ. ಬೀದರಿನ ಕೂಲಿಯವನಿಗೆ ಖಾರ್ಘರವೇ ಪರದೇಶ. ವಾರಗಟ್ಟಲೆ ಚಿಕಿತ್ಸೆ, ಜೊತೆಗೊಬ್ಬರು, ಬಾಡಿಗೆ ಕೋಣೆ, ಊರಲ್ಲಿ ನಿಂತುಹೋದ ಕೂಲಿ.

ಇನ್ನು ಲೆಕ್ಕ. ಪಶ್ಚಿಮದ ದೇಶಗಳಲ್ಲಿ ಕಾರ್ಡೋಮ ವರ್ಷಕ್ಕೆ ಹತ್ತು ಲಕ್ಷದಲ್ಲಿ ಸುಮಾರು ಒಬ್ಬರಿಗೆ ಬರುತ್ತದೆ. ಅದೇ ಪ್ರಮಾಣ ಇಲ್ಲಿಗೂ ಹೊಂದಿದರೆ 140 ಕೋಟಿಗೆ 1400 ಜನ. ನಮ್ಮ ಶಾಲೆಯಂಥ ಮೂರು ಶಾಲೆ ತುಂಬುತ್ತವೆ! ಅದೂ ಒಂದೇ ಜಾತಿಯ ಗಡ್ಡೆಯ ಲೆಕ್ಕ.

ಇದು ಎಲ್ಲ ಕ್ಯಾನ್ಸರಿಗೂ ರಾಮಬಾಣವೆಂಬಂತೆ ಮಾತಾಡುವವರ ಮೇಲೂ ನನಗೆ ಸಿಟ್ಟಿದೆ. ಕಿರಣ ಚಿಕಿತ್ಸೆ ಬೇಕಾದ ಹೆಚ್ಚಿನವರಿಗೆ ಮಾಮೂಲಿ ಯಂತ್ರವೇ ಸಾಕು, ಅದು ಜಿಲ್ಲೆ ಜಿಲ್ಲೆಗೂ ಬರಲಿ. ಆದರೆ ಅದರ ನೆಪ ಹೇಳಿ ಇದನ್ನು ತಪ್ಪಿಸಬೇಡಿ. ಇಡೀ ದೇಶಕ್ಕೆ ಒಂದಾದರೂ ಕಾರ್ಬನ್ ಯಂತ್ರ ಸರ್ಕಾರದ ದುಡ್ಡಿನಲ್ಲಿ ಬರಲಿ. ಬೇರೆ ದಾರಿಯಿಲ್ಲದವರಿಗೆ ಸರದಿ ಮೊದಲು ಸಿಗಲಿ. ರೈಲಿನ ಟಿಕೆಟ್ಟು, ಜೊತೆಗೆ ಬಂದವರ ಊಟ, ಕೋಣೆಯ ಬಾಡಿಗೆ ಕೂಡ ಆ ಖರ್ಚಿನೊಳಗೇ ಬರಲಿ.